ಹವಳದ ದ್ವೀಪ ಮತ್ತು ಸಾಯದ ಅತ್ತೆ

ಲಗ್ಗೆರೆಯ ಪೇಂಟರ್ ಗದಿಗೆಪ್ಪ ಕೆಟ್ಟ ಮನುಷ್ಯನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದನ್ನು ಕೇಳಿದವರು ಅವನಿಗೆ ಹಿಡಿಶಾಪ ಹಾಕದೆ ಬಿಡುವುದಿಲ್ಲ. ಹುನಗುಂದದ ಕಡೆಯಿಂದ ಬಂದು ಬೆಂಗಳೂರಿನ ಗೋಡೆಗಳಿಗೆ ಬಣ್ಣ ಬಳಿಯುತ್ತ ಅರ್ಧ ಆಯುಷ್ಯ ಕಳೆದವನು. ಪೀಣ್ಯದ ಶೆಡ್ಡುಗಳಿಂದ ಶುರು ಮಾಡಿ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳವರೆಗೆ ಬಂದಿದ್ದಾನೆ. ಕೆಲಸದಲ್ಲಿ ಮೋಸವಿಲ್ಲ, ಎರಡು ಕೋಟು ಹೊಡೆಯುತ್ತೇನೆ ಎಂದರೆ ಎರಡು ಕೋಟು ಹೊಡೆದೇ ತೀರುತ್ತಾನೆ. ಆದರೆ ಅವನು ಹೇಳಿದ ಒಂದೇ ಒಂದು ದೊಡ್ಡ ಸುಳ್ಳು ಒಬ್ಬ ಮುದುಕಿಯನ್ನು ಕೊಂದಿತು, ಅದೂ ಗಟ್ಟಿಮುಟ್ಟಾಗಿ ಬದುಕಿರುವ ಮುದುಕಿಯನ್ನು.

ಅವನ ಜೊತೆಗಾರ ಸಂಗಣ್ಣ. ಅದೇ ಸೀಮೆಯವನು, ವಯಸ್ಸಿನಲ್ಲಿ ಚಿಕ್ಕವನು, ಲಗ್ಗೆರೆಯಲ್ಲೇ ಒಂದು ಗಲ್ಲಿಯಾಚೆ ಬಾಡಿಗೆಗಿದ್ದಾನೆ. ಗದಿಗೆಪ್ಪನದು ರೋಲರ್ ಹಿಡಿಯುವ ಕೈಯಾದರೆ ಸಂಗಣ್ಣನದು ಕುಂಚ ಹಿಡಿಯುವ ಕೈ. ಮಕ್ಕಳ ಕೋಣೆಯ ಗೋಡೆಗೆ ಚಿತ್ರ ಬೇಕೆಂದರೆ ಅವನೇ ಆಗಬೇಕು. ಈಗೀಗ ವೈಟ್‌ಫೀಲ್ಡಿನ ತಾಯಂದಿರಿಗೆಲ್ಲ ಸಮುದ್ರದ ತಳವೇ ಬೇಕು. ನೀಲಿ ನೀರು, ಹವಳದ ಗಿಡ, ಪಟ್ಟೆಪಟ್ಟೆ ಮೀನು, ಒಂದು ಆಮೆ. ಸಂಗಣ್ಣನೋ ಸಮುದ್ರದ ದಂಡೆಯನ್ನೂ ಕಂಡವನಲ್ಲ. ಅವನಿಗೆ ಹವಳ ಎಂದರೆ ಅವ್ವನ ಕೊರಳಲ್ಲಿದ್ದ ಹವಳದ ಸರ. ಹಾಗಾಗಿ ಅವನು ಬರೆದ ಸಮುದ್ರದ ತಳವೆಲ್ಲ ಕುಂಕುಮದಂತೆ ಕೆಂಪು. ಮೇಡಂಗಳಿಗೆ ಅದು ಹಿಡಿಸುತ್ತಿತ್ತು. ಅವನಿಗೆ ಮಾತ್ರ ಸಮಾಧಾನವಿರಲಿಲ್ಲ.

"ಒಮ್ಮಿ ಖರೇ ನೋಡಬೇಕಣ್ಣಾ," ಎನ್ನುತ್ತಿದ್ದ. "ನೋಡದ ಬರಿಯೋದು ಅಂದ್ರ, ಮುಖಾ ನೋಡದ ಮದುವಿ ಆದಂಗ."

ಪೇಂಟ್ ಬಕೆಟ್ಟಿನ ಮುಚ್ಚಳದಡಿ ಒಂದು ಕೂಪನ್ ಇರುತ್ತದೆ. ಅದು ಬಕೆಟ್ ತೆರೆದ ಪೇಂಟರನಿಗೆ ಸೇರಿದ್ದು. ಮನೆಯ ಮಾಲೀಕರಿಗೆ ಅದರ ಸುಳಿವೇ ಇರುವುದಿಲ್ಲ. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಪಾಯಿಂಟ್ ಬೀಳುತ್ತದೆ. ಪಾಯಿಂಟ್ ಕೂಡಿದ ಹಾಗೆ ಕುಕ್ಕರ್, ಮಿಕ್ಸಿ, ಬೈಕು. ಎಲ್ಲಕ್ಕಿಂತ ಮೇಲೆ ಗಂಡಹೆಂಡತಿಗೆ ಅಂಡಮಾನ್ ಪ್ರವಾಸ. ಬೇರೆ ಬೇರೆ ಕೂಡಿಸಿದರೆ ಇಬ್ಬರಿಗೂ ಕುಕ್ಕರೇ ಗತಿ ಎಂದು ಸಂಗಣ್ಣ ತನ್ನ ಕೂಪನ್ನುಗಳನ್ನೂ ಗದಿಗೆಪ್ಪನ ಫೋನಿಗೇ ಹಾಕಿಸುತ್ತ ಬಂದ. ಪ್ರವಾಸ ಬಂದರೆ ಸಂಗಣ್ಣ ಹೋಗುವುದು, ಆಮೇಲೆ ಬರುವ ಬೈಕು ಗದಿಗೆಪ್ಪನದು. ಒಪ್ಪಂದವೆಂದರೆ ಇಷ್ಟೇ, ಟೀ ಕುಡಿಯುತ್ತ ಆದದ್ದು.

"ನೀನ ಹೋಗೋ ಮಾರಾಯ," ಎಂದು ಗದಿಗೆಪ್ಪ ನಕ್ಕಿದ್ದ. "ನನಗ ಬಾವ್ಯಾಗ ಇಣುಕಿದ್ರ ಕಾಲು ನಡಗತಾವ. ನಾ ಸಮುದ್ರಕ್ಕ ಹೋಗಿ ಏನ್ ಮಾಡ್ಲಿ?"

ಆ ಮಾತನ್ನು ಅವನು ಪೂರ್ತಿ ಮನಸ್ಸಿನಿಂದಲೇ ಆಡಿದ್ದ. ಕೊಡುವ ದಿನ ದೂರವಿದ್ದಾಗ ಎಲ್ಲರೂ ಧಾರಾಳಿಗಳೇ.

ಕಂಪನಿಯಿಂದ ಫೋನು ಬಂದ ದಿನ ಸಂಗಣ್ಣ ಗೋಡೆಗೆ ಮೆತ್ತುವ ಪುಟ್ಟಿಯ ಚೀಲ ತರಲು ಕೆಳಗೆ ಹೋಗಿದ್ದ. "ಕಂಗ್ರಾಜುಲೇಷನ್ಸ್ ಸಾರ್," ಎಂದಿತು ಹೆಣ್ಣುದನಿ. "ನಿಮಗೆ ಅಂಡಮಾನ್ ಟ್ರಿಪ್ ಬಂದಿದೆ. ಬೇರೆಯವರ ಹೆಸರು ಹಾಕೋದಿದ್ರೆ ಈಗ್ಲೇ ಹೇಳ್ಬಿಡಿ, ಟಿಕೆಟ್ ಆದ್ಮೇಲೆ ಆಗಲ್ಲ." ಆಲೋಚಿಸಿ ಹೇಳುತ್ತೇನೆ ಎಂದು ಗದಿಗೆಪ್ಪ ಫೋನಿಟ್ಟ. ಹಿಂದೆಯೇ ಒಂದು ವಿಡಿಯೋ ಬಂತು.

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಅವನು ಅದನ್ನು ನೋಡಿದ. ತಳದ ಮರಳು ಕಾಣುವಷ್ಟು ತಿಳಿಯಾದ ನೀರು. ಬಾಗಿದ ತೆಂಗಿನ ಮರ. ಯಾರೋ ಗಂಡಹೆಂಡತಿ ಕೈ ಹಿಡಿದುಕೊಂಡು, ಎಲ್ಲಿಗೂ ಹೋಗಬೇಕಾಗಿಲ್ಲದವರ ಹಾಗೆ ನಡೆಯುತ್ತಿದ್ದಾರೆ. ಮತ್ತೆ ನೋಡಿದ. ತಾನು ಊರು ಬಿಟ್ಟು ಹೊರಟಿದ್ದೆಲ್ಲ ಒಂದೋ ಮದುವೆಗೆ, ಇಲ್ಲವೇ ಸತ್ತವರ ಮಣ್ಣಿಗೆ. ಸುಮ್ಮನೆ, ಬರೀ ಸುಖಕ್ಕೆಂದು ಅವನೂ ಹೆಂಡತಿ ಬಸಮ್ಮನೂ ಎಲ್ಲಿಗೂ ಹೋಗಿರಲಿಲ್ಲ. ಇದು ಹೊಳೆದದ್ದೇ ತಡ, ಅವನಿಗೆ ತನ್ನ ಮೇಲೆಯೇ ಕನಿಕರ ಉಕ್ಕಿ ಬಂತು. ತನ್ನ ಮೇಲೆ ಕನಿಕರ ಬಂದ ಮನುಷ್ಯನನ್ನು ನಂಬಬಾರದು. ಅವನೇ ತಿರುಗಿ ಫೋನು ಮಾಡಿ ಹೇಳಿದ: "ಹೆಸರೇನೂ ಬದಲಿ ಮಾಡೋದಿಲ್ರಿ ಮೇಡಂ."

ಸಂಗಣ್ಣನಿಗೆ ಹೇಳಿಬಿಡಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿದ. ಬೆಳಿಗ್ಗೆ ಪೀಣ್ಯ ಮೆಟ್ರೋ ಸ್ಟೇಷನ್ನಿನಲ್ಲಿ ಸಂಗಣ್ಣ ಎದುರಾಗಿ, "ಯಾಕಣ್ಣಾ, ಮುಖಾ ಸಪ್ಪಗೈತಿ?" ಎಂದು ಕೇಳಿದಾಗ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು.

"ಬಸಮ್ಮನ ಸೋದರತ್ತಿ ತೀರಿಕೊಂಡ್ಲು," ಎಂದ ಗದಿಗೆಪ್ಪ. "ಇಳಕಲ್ಲಾಗ. ದಿನಕರ್ಮ ಮುಗಿಸಿಕೊಂಡು ಬರೂಮಟ ಒಂದು ವಾರ ಆಗತೈತಿ."

"ಅಯ್ಯ ಶಿವನ! ನಾನೂ ಬರ್ಲೇನು?"

"ಬ್ಯಾಡ, ಬ್ಯಾಡ. ಕೆಲಸ ನಿಂದರಬಾರದು."

ಮನೆಯಲ್ಲಿ ಈ ಸುದ್ದಿ ಕೇಳಿ ಬಸಮ್ಮ ಹೌಹಾರಿದಳು. "ನನ್ನ ಅತ್ತೀನ ಯಾಕ ಕೊಂದ್ರಿ? ನಿಮ್ಮ ಕಡ್ಯಾಗ ಯಾರೂ ಸಿಗಲಿಲ್ಲೇನು?" ಎಂದು ಗಂಡನ ಮೇಲೆ ಹರಿಹಾಯ್ದು, ಒಡನೆಯೇ ಇಳಕಲ್ಲಿಗೆ ಫೋನು ಮಾಡಿ ಅತ್ತೆಯ ಕೆಮ್ಮು ಕೇಳಿಸಿಕೊಂಡು ಸಮಾಧಾನಪಟ್ಟಳು. ಆದರೂ ಚೀಲ ತುಂಬುವುದನ್ನು ನಿಲ್ಲಿಸಲಿಲ್ಲ.

ದ್ವೀಪ ವಿಡಿಯೋದಲ್ಲಿದ್ದಂತೆಯೇ ಇತ್ತು. ಹೇಳಬೇಕೆಂದರೆ ಅದಕ್ಕಿಂತ ಚೆನ್ನಾಗಿತ್ತು, ಅದೇ ತೊಂದರೆ. ಬಸಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಅಲೆಗಳಲ್ಲಿ ನಿಂತು ನಕ್ಕ ನಗುವನ್ನು ಗದಿಗೆಪ್ಪ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಎರಡನೆಯ ದಿನ ದೋಣಿಯಲ್ಲಿ ಕರೆದೊಯ್ದು, ಎಲ್ಲರ ಸೊಂಟಕ್ಕೂ ಗಾಳಿ ತುಂಬಿದ ಟ್ಯೂಬು ತೊಡಿಸಿ, ಕಣ್ಣಿಗೆ ಕನ್ನಡಕ ಕಟ್ಟಿ, ಬಾಯಿಗೆ ಉಸಿರಾಡುವ ಕೊಳವೆ ಕೊಟ್ಟು ನೀರಿಗಿಳಿಸಿದರು. ಬಾವಿಗೆ ಹೆದರುವ ಗದಿಗೆಪ್ಪ ಕಣ್ಣು ಮುಚ್ಚಿಕೊಂಡೇ ನೀರಿಗೆ ಮುಖವಿಟ್ಟ. ಆಮೇಲೆ ಕಣ್ಣು ತೆರೆದ.

ಕೆಳಗೆ ಒಂದು ಊರೇ ಇತ್ತು. ಕೆಂಪೇನೂ ಇರಲಿಲ್ಲ. ಹೆಚ್ಚಿನದೆಲ್ಲ ಒಣಗಿದ ಜೋಳದ ದಂಟಿನ ಬಣ್ಣ, ಬೆಲ್ಲದ ಬಣ್ಣ. ಅಲ್ಲಲ್ಲಿ ತುದಿಗೆ ಮಾತ್ರ ನೇರಳೆ ಅದ್ದಿದಂತೆ. ಎಲ್ಲದರ ಮೇಲೂ ಬಿಸಿಲು ಬಲೆಬಲೆಯಾಗಿ ಓಡಾಡುತ್ತಿತ್ತು. ಒಂದು ಆಮೆ ಅದರೊಳಗೆ ಈಜಿ ಹೋಯಿತು. ಹಸಿರು ನೀಲಿಯ ಒಂದು ದಪ್ಪ ಮೀನು ಹವಳವನ್ನು ಕಟಕಟ ಕಡಿಯುತ್ತಿತ್ತು, ಆ ಸದ್ದು ಅವನ ಕಿವಿಗೆ ಕೇಳುತ್ತಿತ್ತು. ಅವನ ಮೈಯೆಲ್ಲ ಜುಮ್ಮೆಂದಿತು. "ಸಂಗಣ್ಣಾ, ಇಲ್ನೋಡೋ!" ಎಂದು ಕೂಗಲು ಹೋದ. ಬಾಯಲ್ಲಿದ್ದ ಕೊಳವೆ ಜಾರಿ ಉಪ್ಪುನೀರು ನುಗ್ಗಿತು, ಕೆಮ್ಮುತ್ತ ಮೇಲೆದ್ದ. ಸುತ್ತ ಅದೇ ಪ್ರವಾಸ ಗೆದ್ದು ಬಂದ ಯಾವುದೋ ಊರಿನ ಪೇಂಟರುಗಳು ನಗುತ್ತಿದ್ದರು. ಅಲ್ಲಿಂದ ಮುಂದೆ ಏನು ನೋಡಿದರೂ, ಏನು ತಿಂದರೂ ಅವನಿಗೆ ಅದು ಕದ್ದದ್ದು ಎನ್ನಿಸತೊಡಗಿತು. ಉಳಿದ ದಿನಗಳನ್ನು ರೂಮಿನ ಕಟ್ಟೆಯ ಮೇಲೆ ಕುಳಿತು ಕಳೆದ.

ಲಗ್ಗೆರೆಗೆ ಬಂದ ಮರುದಿನವೇ ಬಾಗಿಲು ಬಡಿದ ಸದ್ದಾಯಿತು. ಸಂಗಣ್ಣ ನಿಂತಿದ್ದ, ಜೊತೆಗೆ ಹೆಂಡತಿ ಚನ್ನಕ್ಕ. ಅವಳ ತಲೆಯ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ಸಾವಾದ ಮನೆಯವರು ಒಲೆ ಹಚ್ಚಿ ಅಡುಗೆ ಮಾಡಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲವೆಂದು ಬೇಕಾದವರು ಬುತ್ತಿ ಕಟ್ಟಿಕೊಂಡು ಹೋಗಿ, ಕೂಡಿಸಿ ಉಣ್ಣಿಸುವುದು ಅವರ ಕಡೆಯ ಪದ್ಧತಿ. ಬೆಂಗಳೂರಿಗೆ ಬಂದು ಎಷ್ಟೋ ಜನ ಇದನ್ನೆಲ್ಲ ಬಿಟ್ಟಿದ್ದರು. ಚನ್ನಕ್ಕ ಬಿಟ್ಟಿರಲಿಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆ ಒಂದು ದಿನ ರಜೆ ಹಾಕಿ ರೊಟ್ಟಿ ಬಡಿದಿದ್ದಳು.

ಬಸಮ್ಮನನ್ನು ತಬ್ಬಿಕೊಂಡು ಚನ್ನಕ್ಕ ಗಳಗಳನೆ ಅತ್ತಳು. ಬಸಮ್ಮನೂ ಅತ್ತಳು, ಹೆದರಿಕೆಯಿಂದ.

"ಹೆಂಗ ಹೋದ್ರವ್ವಾ ಅವರು?" ಎಂದು ಚನ್ನಕ್ಕ ಮೂಗು ಒರೆಸಿಕೊಂಡಳು.

ಬಸಮ್ಮ ಗಂಡನ ಕಡೆ ನೋಡಿದಳು. ಕೊಂದವನೇ ಹೇಳಲಿ ಎಂಬಂತಿತ್ತು ಆ ನೋಟ.

"ಮಲಗಿದಾಕಿ ಏಳಲಿಲ್ಲ," ಎಂದ ಗದಿಗೆಪ್ಪ.

"ಪುಣ್ಯವಂತಿ," ಎಂದಳು ಚನ್ನಕ್ಕ.

ನಾಲ್ವರೂ ಊಟಕ್ಕೆ ಕುಳಿತರು. ಗದಿಗೆಪ್ಪನ ಮೂಗಿನ ಚರ್ಮ ಸುಲಿದು, ಕೆನ್ನೆ ಕಪ್ಪಿಟ್ಟಿತ್ತು. ಸಂಗಣ್ಣ ಅದನ್ನೇ ನೋಡಿ ಮರುಗಿದ. "ಬಿಸಲಾಗ ಮಣ್ಣಿಗೆ ನಿಂತು ಹೆಂಗ ಸುಟ್ಟೈತಿ ನೋಡು ಮುಖಾ. ಉಣ್ಣಣ್ಣಾ, ಇನ್ನೊಂದು ರೊಟ್ಟಿ ಹಾಕ್ಕೋ." ಗದಿಗೆಪ್ಪ ಕಡಲೆಹಿಟ್ಟಿನ ಜುಣಕವನ್ನು ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟ. ಆಗಲೇ ಎದ್ದು ಸಂಗಣ್ಣನ ಕಾಲು ಹಿಡಿದಿದ್ದರೆ ಒಂದು ಮಾತಾಗುತ್ತಿತ್ತು. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಅದಾದ ಮೇಲೆ ಸಂಗಣ್ಣನ ಮುಖಕ್ಕೆ ಮುಖ ಕೊಟ್ಟು ಮಾತಾಡುವುದು ಅವನಿಗೆ ಆಗಲಿಲ್ಲ. ಮೆಟ್ರೋದಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತಿದ್ದ. ಸಂಗಣ್ಣ ಅದನ್ನು ದುಃಖ ಎಂದುಕೊಂಡು ಅವನ ಚೀಲವನ್ನೂ ತಾನೇ ಹೊರುತ್ತಿದ್ದ. ವೈಟ್‌ಫೀಲ್ಡಿನಲ್ಲಿ ಹೊಸ ಕೆಲಸ ಸಿಕ್ಕಿತ್ತು, ಮಂಜುಶ್ರೀ ಎಂಬುವರ ಫ್ಲ್ಯಾಟು. "ನಮ್ ಮಗಳ ರೂಮಿಗೆ ಫುಲ್ ಸಮುದ್ರ ಬೇಕು ಕಣ್ರೀ. ಸಕ್ಕತ್ ಕಲರ್‌ಫುಲ್ಲಾಗಿ ಮಾಡ್ಬಿಡಿ," ಎಂದು ಹೇಳಿ ಅವರು ಆಫೀಸಿಗೆ ಹೋದರು.

ಸಂಗಣ್ಣ ಗೋಡೆಯ ತಳದಲ್ಲಿ ಕೆಂಪು ಹವಳ ಬರೆಯತೊಡಗಿದ. ಗದಿಗೆಪ್ಪ ಬಾಗಿಲ ಚೌಕಟ್ಟು ಉಜ್ಜುತ್ತಿದ್ದ. ಆ ಕೆಂಪು ಅವನ ಕಣ್ಣನ್ನು ಚುಚ್ಚುತ್ತಿತ್ತು. ಹಾಗಲ್ಲ, ಹಾಗಲ್ಲ ಎಂದು ಒಳಗೆ ಯಾರೋ ಕೂಗುತ್ತಿದ್ದರು. ನಾಲಿಗೆ ಕಚ್ಚಿಕೊಂಡ. ಮಧ್ಯಾಹ್ನದ ಹೊತ್ತಿಗೆ ಸಂಗಣ್ಣ ಹಿಂದೆ ಸರಿದು ನಿಂತು, ತನ್ನ ಚಿತ್ರವನ್ನೇ ನೋಡುತ್ತ ಹೇಳಿದ:

"ನೀರೊಳಗ ಎಷ್ಟು ಶಾಂತ ಇರತೈತೋ ಏನೋ ಅಣ್ಣಾ. ಒಂದು ಸಪ್ಪಳ ಇಲ್ಲ."

"ಎಲ್ಲಿ ಶಾಂತ?" ಎಂದುಬಿಟ್ಟ ಗದಿಗೆಪ್ಪ. "ಒಗ್ಗರಣ್ಯಾಗ ಸಾಸಿವಿ ಸಿಡಿದಂಗ ಚಟಪಟ ಚಟಪಟ ಅಂತಿರತೈತಿ. ಮೀನು ಹವಳ ಕಡಿಯೋದು ಸುದ್ದಾ ಕೇಳತೈತಿ."

ಸಂಗಣ್ಣ ಅವನ ಕಡೆ ತಿರುಗಿದ.

"ಯಾರು ಹೇಳಿದ್ರು ನಿನಗ?"

ಫೋನಿನಲ್ಲಿ ನೋಡಿದೆ ಎಂದರೆ ಮುಗಿಯುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ರೊಟ್ಟಿ ತಿಂದ ಬಾಯಿಂದ ಅದು ಹೊರಡಲಿಲ್ಲ.

"ಯಾರೂ ಹೇಳಿಲ್ಲ. ನಾನ ಕೇಳೇನಿ," ಎಂದ.

ಸಂಗಣ್ಣ ಅವನ ಸುಲಿದ ಮೂಗನ್ನು ನೋಡಿದ, ಕಪ್ಪಿಟ್ಟ ಕೆನ್ನೆಯನ್ನು ನೋಡಿದ. ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ.

"ಮತ್ತ ಅತ್ತಿ?"

"ಅದಾಳ. ಆರಾಮ ಅದಾಳ."

"ಬದುಕ್ಯಾಳಲ್ಲ. ಛಲೋ ಆತು ಬಿಡು," ಎಂದ ಸಂಗಣ್ಣ. ಅದರಲ್ಲಿ ಚುಚ್ಚುಮಾತಿನ ಸೋಂಕೂ ಇರಲಿಲ್ಲ. ಕಂಡು ಕೇಳರಿಯದ ಮುದುಕಿ ಬದುಕಿದ್ದಾಳೆಂದು ಅವನಿಗೆ ನಿಜಕ್ಕೂ ಸಮಾಧಾನವಾಗಿತ್ತು.

ಗದಿಗೆಪ್ಪ ಉಜ್ಜುಕಾಗದ ಬಿಸಾಡಿದ. "ತಪ್ಪಾತೋ ಸಂಗಣ್ಣಾ. ಹೆಸರು ಬದಲಿ ಮಾಡ್ತೀರೇನು ಅಂತ ಕೇಳಿದ್ರು, ನಾನ ಬ್ಯಾಡ ಅಂದೆ. ಬೈಯೋ. ಹೊಡಿಯೋ ನನ್ನ."

ಸಂಗಣ್ಣ ಬೈಯಲಿಲ್ಲ. ಕುಂಚವನ್ನು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿದ. "ಚನ್ನಕ್ಕನ ಮುಂದ ಮಾತ್ರ ಹೇಳಬ್ಯಾಡ. ಬದುಕಿದಾಕಿ ಹೆಸರಿಲೆ ಬುತ್ತಿ ಕಟ್ಟಿದೆ ಅಂತ ಗೊತ್ತಾದ್ರ ಆಕಿ ಎದಿ ಒಡಕೊಂತಾಳ." ಆಮೇಲೆ ಬಿಳಿ ಬಣ್ಣದ ಬಕೆಟ್ ಎಳೆದುಕೊಂಡು, ಬೆಳಗಿನಿಂದ ಬರೆದ ಕೆಂಪು ಹವಳದ ಮೇಲೆ ಬಳಿಯತೊಡಗಿದ. ಗೋಡೆಯ ತಳವೆಲ್ಲ ಬೆಳ್ಳಗಾಯಿತು.

"ಹೇಳು," ಎಂದ.

"ಏನು?"

"ಹೆಂಗಿತ್ತು ಹೇಳು. ನಾ ಹೋಗಿದ್ರ ಬಂದ ದಿನಾನ ನಿನ್ನ ಮುಂದ ಕುಂತು ಎಲ್ಲಾ ಹೇಳ್ತಿದ್ದೆ."

ಗದಿಗೆಪ್ಪ ಹೇಳಿದ. ಮೊದಲು ತೊದಲಿದ, ಆಮೇಲೆ ಮಾತು ತಾನಾಗಿ ಬಂತು. ಜೋಳದ ದಂಟಿನ ಬಣ್ಣ ಹೇಳಿದ, ನೇರಳೆ ತುದಿ ಹೇಳಿದ, ಬಿಸಿಲಿನ ಬಲೆ ಹೇಳಿದ. ಸಂಗಣ್ಣ ಬಣ್ಣ ಕಲಸಿ ಕೈಯ ಹಿಂಬದಿಗೆ ಹಚ್ಚಿ ತೋರಿಸುತ್ತಿದ್ದ, ಇಷ್ಟೋ, ಇನ್ನೂ ತಿಳಿಯೋ ಎಂದು ಕೇಳುತ್ತಿದ್ದ. ಗದಿಗೆಪ್ಪ ಬಲ್ಲಷ್ಟೂ ಹೇಳುತ್ತಿದ್ದ. ಎಷ್ಟು ಹೇಳಿದರೂ ತಾನು ಕಂಡದ್ದರಲ್ಲಿ ಕಾಲುಪಾಲೂ ಆ ಗೋಡೆಗೆ ಬರುತ್ತಿರಲಿಲ್ಲ. ಅಷ್ಟು ಚಂದದ್ದನ್ನು ನೋಡಬೇಕಾದ ಕಣ್ಣು ಯಾವುದಾಗಿತ್ತು ಎಂಬುದು ಅವನಿಗೆ ಈಗ ಗೊತ್ತಾಗುತ್ತಿತ್ತು. ಸಂಗಣ್ಣನ ಕೈ ಗೋಡೆಯ ಮೇಲೆ ಹಿಂದೆಂದೂ ಓಡದ ಹಾಗೆ ಓಡುತ್ತಿತ್ತು. ಸಂಜೆಯವರೆಗೂ ಅವನು ಒಮ್ಮೆಯೂ ಗದಿಗೆಪ್ಪನ ಮುಖ ನೋಡಲಿಲ್ಲ.

"ಮತ್ತ ಆಮಿ ಕಂಡಿತ್ತೇನು, ಮೇಸ್ತ್ರಿ?" ಎಂದು ಕೇಳಿದ.

ಇಷ್ಟು ವರ್ಷಗಳಲ್ಲಿ ಸಂಗಣ್ಣ ಗದಿಗೆಪ್ಪನನ್ನು ಅಣ್ಣಾ ಎಂದಲ್ಲದೆ ಬೇರೆ ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಗದಿಗೆಪ್ಪನ ಕಣ್ಣು ತುಂಬಿ ಗೋಡೆ ಕಾಣದಾಯಿತು.

"ಕಂಡಿತ್ತು," ಎಂದು ಅವನು ಆಮೆಯ ಬಗ್ಗೆ ಹೇಳತೊಡಗಿದ.