ಡ್ರಿಲ್ ಮಾಸ್ಟ್ರ ರಿವಾಲ್ವರಿಗೆ ಎರಡು ಹನಿ ಎಣ್ಣೆ

ಕಳೆದ ತಿಂಗಳು ಶಾಲೆಯ ಪ್ರಯೋಗಶಾಲೆಯ ಕಪಾಟು ಖಾಲಿ ಮಾಡುವಾಗ ಕಿರುಬೆರಳುದ್ದದ ಹಿತ್ತಾಳೆ ಬ್ರಶ್ಶೊಂದು ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಸೀಮೆಎಣ್ಣೆಯ ವಾಸನೆ ಇನ್ನೂ ಇತ್ತೋ, ನನ್ನ ಭ್ರಮೆಯೋ... ನಮ್ಮ ಡ್ರಿಲ್ ಮಾಸ್ಟ್ರು ಕಣ್ಣೆದುರು ಬಂದು ನಿಂತರು.

ತಲ್ಲೂರಿನ ಹತ್ತಿರ ನಾನು ಪಾಠ ಹೇಳುವ ಹೈಸ್ಕೂಲಿನಲ್ಲಿ ಓಟ ಶುರುಮಾಡಲು ಒಂದು ಪುಟ್ಟ ರಿವಾಲ್ವರ್ ಇತ್ತು. ಗುಂಡಿಲ್ಲ, ಬರೀ ಸದ್ದು ಮಾಡುವ ತೋಟೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದರೂ ಮಹಾ ಹಟಮಾರಿ. ಹೊಡೆದ ಮೇಲೆ ಖಾಲಿ ತೋಟೆಗಳು ತಿರುಗುವ ಉರುಳೆಯ ತೂತುಗಳಲ್ಲಿ ಕಚ್ಚಿಕೊಂಡು ಕೂರುತ್ತಿದ್ದವು. ಹೊರದಬ್ಬುವ ಕಡ್ಡಿ ಒತ್ತಿದರೆ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಪ್ರತಿ ಕ್ರೀಡಾಕೂಟದ ಮುಂಚೆ ಮಾಸ್ಟ್ರು ನನ್ನ ಪ್ರಯೋಗಶಾಲೆಯ ಮೇಜಿನ ಮೇಲೆ ಕಾಗದ ಹಾಸಿ ಕೂರುತ್ತಿದ್ದರು. ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೊಂದೇ ತೂತಿನ ಮಸಿ ತಿಕ್ಕಿ, ಹಳೇ ಲುಂಗಿಯ ಚೂರಿನಿಂದ ಪೂರ್ತಿ ಒಣಗುವ ತನಕ ಒರೆಸುವುದು. ಮಗುವಿನ ಕಿವಿ ಒರೆಸುವಷ್ಟು ನಾಜೂಕು. ನಾನು ತಮಾಷೆ ಮಾಡುತ್ತಿದ್ದೆ.

“ಸುಮ್ನಲ್ಲ ಟೀಚರ್ರೇ,” ಅನ್ನುತ್ತಿದ್ದರು. “ಇದ್ ಕೈ ಕೊಟ್ರೆ ಮಕ್ಕಳ್ ಇಡೀ ವರ್ಷ ಓಡ್ದದ್ದ್ ನೀರಿಗ್ ಹೋತ್ತ್.”

ಅವರ ನಿವೃತ್ತಿಯ ವರ್ಷ ತಾಲೂಕು ಮಟ್ಟದ ಕೂಟ ನಮ್ಮ ಮೈದಾನದಲ್ಲೇ ಇತ್ತು. ಅಲ್ಲಿ ಎಲ್ಲ ಸುಸೂತ್ರವಾದರೆ ಜಿಲ್ಲಾ ಕೂಟದಲ್ಲೂ ಓಟ ಬಿಡುವವರು ಅವರೇ ಎಂದು ಮಾತಾಗಿತ್ತು. ಇಡೀ ಸರ್ವಿಸ್ಸಿನಲ್ಲಿ ಅವರು ಆಸೆಪಟ್ಟದ್ದು ಅದೊಂದಕ್ಕೇ. ಆದರೆ ಮುನ್ನಾದಿನ ಹೆಂಡತಿಗೆ ಹುಷಾರಿಲ್ಲದೆ ಆಸ್ಪತ್ರೆಗೆ ಓಡಬೇಕಾಯಿತು. “ನಾಳೆ ಬೇಗ ಬಂದ್ ನಾನೇ ತಿಕ್ತೆ. ನೀವ್ ಎಂತ ಮಾಡುದ್ ಬ್ಯಾಡ,” ಅಂದು ಹೋದರು.

ನಾನು ಸುಮ್ಮನಿರಬೇಕಲ್ಲ! ಅಭ್ಯಾಸಕ್ಕೆ ಹೊಡೆದ ತೋಟೆಗಳು ಒಳಗೇ ಕಚ್ಚಿಕೊಂಡಿದ್ದವು. ನಮ್ಮ ಕಡೆ ಬೀಗ ಬಿಗಿಯಾದರೆ, ಬಾಗಿಲು ಕಿರುಗುಟ್ಟಿದರೆ, ಹೊಲಿಗೆ ಮೆಷಿನ್ನು ಮುನಿಸಿಕೊಂಡರೆ ಎಲ್ಲದಕ್ಕೂ ಒಂದೇ ಮದ್ದು, ತೆಂಗಿನೆಣ್ಣೆ. ತೂತಿಗೆ ಎರಡೆರಡು ಹನಿ ಬಿಟ್ಟೆ. ಕಡ್ಡಿ ಒತ್ತಿದರೆ ಖಾಲಿ ತೋಟೆಗಳು ಸುಳಕ್ಕನೆ ಹೊರಬಂದವು. ವಿಜ್ಞಾನದ ಟೀಚರ್ ಅಲ್ಲವೇ, ಬೀಗಿದೆ. ಒರೆಸಲಿಲ್ಲ, ಎಣ್ಣೆ ಇದ್ದಷ್ಟೂ ಒಳ್ಳೆಯದು ಅಂದುಕೊಂಡೆ.

ಮರುದಿನ ಮಾಸ್ಟ್ರು ಬರುವಾಗ ತಡವಾಗಿತ್ತು, ಅತಿಥಿಗಳು ಕೂತಾಗಿತ್ತು. ನಾನೇ ರಿವಾಲ್ವರ್ ಕೈಗಿಟ್ಟು, “ಎಲ್ಲ ಸಮ ಇತ್ತ್,” ಅಂದೆ. ನಂಬಿ ತೋಟೆ ತುಂಬಿದರು. ಡಿಸೆಂಬರಿನ ಬೆಳಗಿನ ಚಳಿಗೆ ಎಣ್ಣೆ ಗಟ್ಟಿಯಾಗಿ, ಹಳೇ ಮಸಿಯೊಡನೆ ಕಲಸಿ ಅಂಟಾಗಿತ್ತು; ತೋಟೆಗಳು ಪೂರ್ತಿ ಒಳಗೆ ಕೂರದೆ, ಅವುಗಳ ಮೇಲೆ ಪೆಟ್ಟು ಸರಿಯಾಗಿ ಬೀಳುವಂತಿರಲಿಲ್ಲ. ಇದೆಲ್ಲ ನನಗೆ ಹೊಳೆದದ್ದು ಆಮೇಲೆ.

ಹುಡುಗಿಯರ ನೂರು ಮೀಟರ್. ಮಾಸ್ಟ್ರು ಕೈ ಎತ್ತಿ ಒತ್ತಿದರು. ಟಿಕ್. ಇಬ್ಬರು ಓಡಿದರು, ಉಳಿದವರು ನಿಂತರು. ವಾಪಸು ಕರೆದು ಮತ್ತೆ ಒತ್ತಿದರು. ಟಿಕ್. ಮೈಕಿನಲ್ಲಿ ಯಾರೋ, “ಮಾಸ್ಟ್ರಿಗ್ ಪ್ರಾಯ ಆಯ್ತ್ ಕಾಣಿ,” ಅಂದರು. ಮೈದಾನಕ್ಕೆ ಮೈದಾನವೇ ನಕ್ಕಿತು. ಕೊನೆಗೆ ಸೀಟಿ ಊದಿ ಓಟ ಬಿಟ್ಟರು.

ಆಮೇಲೆ ಅವರು ಉರುಳೆ ಹೊರಳಿಸಿ ಬೆರಳಾಡಿಸಿದರು. ಬೆರಳು ಮೂಸಿದರು. ನನ್ನತ್ತ ಒಮ್ಮೆ ನೋಡಿದರು... ಹೆಡ್ಮಾಸ್ಟ್ರು ರೇಗಿದಾಗ, “ತಪ್ಪ್ ನಂದೇ ಸರ್, ನಾನೇ ಸಮ ಕಾಣ್ಲಿಲ್ಲ,” ಅಂದರು. ನಾನು ಎರಡು ಮಾರು ದೂರದಲ್ಲಿದ್ದೆ. ತುಟಿ ಪಿಟಕ್ಕೆನ್ನಲಿಲ್ಲ. ಜಿಲ್ಲಾ ಕೂಟಕ್ಕೆ ಬೇರೆ ಯಾರನ್ನೋ ಕರೆದರು.

ಮಾಸ್ಟ್ರು ನಿವೃತ್ತರಾಗಿ ಯಡ್ತರೆಯ ತಮ್ಮ ಮನೆಗೆ ಹೋದರು. ಇಲ್ಲಿಂದ ಒಂದೇ ಬಸ್ಸು. ಈ ರಜೆಯಲ್ಲಿ ಹೋಗಿ ಹೇಳಿಬಿಡುತ್ತೇನೆ, ಮುಂದಿನ ರಜೆಯಲ್ಲಿ ಹೇಳಿಬಿಡುತ್ತೇನೆ ಎನ್ನುತ್ತಲೇ ಹದಿನಾಲ್ಕು ವರ್ಷ ಕಳೆದೆ. ಅವರು ತೀರಿಹೋಗಿ ಎಂಟು ತಿಂಗಳಾಯಿತು. ಸಾವಿನ ಮನೆಗೂ ಹೋಗುವ ಮುಖ ನನಗಿರಲಿಲ್ಲ.

ಕಳೆದ ಭಾನುವಾರ ಹೋದೆ. ಅವರ ಹೆಂಡತಿಯೆದುರು ಕೂತು, ಒಂದೂ ಬಿಡದೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಅವ್ರಿಗ್ ಅವತ್ತೇ ಗೊತ್ತಾಯ್ತ್,” ಅಂದರು. “ಟೀಚರ್ರ್ ಒಂದಿನ ಬತ್ರ್, ಬೈಯುಕಾಗ, ಚಾ ಮಾಡಿ ಕೊಡ್ಕ್ ಅಂದಿದ್ರ್. ಶಾಲಿಗ್ ರಜಿ ಬಂತಂದ್ರೆ ಜಗಲಿ ಮೇಲೇ ಕೂಕಂತಿದ್ರ್.”

ಅಷ್ಟು ಹೇಳಿ ಚಹಾ ಮಾಡಲು ಒಳಗೆ ಹೋದರು. ನಾನು ಮಾಸ್ಟ್ರ ಸಿಟ್ಟಿಗೆ ಹೆದರಿ ಇಷ್ಟು ವರ್ಷ ತಪ್ಪಿಸಿಕೊಂಡಿದ್ದೆ. ಆ ಜಗಲಿಯಲ್ಲಿ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತೆ.