ಸಫಾರಿ ಸೂಟಿನ ಪಾಲಕರು

ನಮ್ಮ ಕಾಲೇಜಿನಲ್ಲಿ ‘ಸಮುಪದೇಶನ ಕೇಂದ್ರ’ ಅಂತ ಮರಾಠಿಯಲ್ಲಿ ಬೋರ್ಡು ಹಾಕಿ ಒಂದು ಖೋಲಿ ತೆರೆದಾಗ ನಾನು ಬಿ.ಎಸ್ಸಿ. ಓದುತ್ತಿದ್ದೆ. ಕನ್ನಡದಲ್ಲಿ ಇದಕ್ಕೆ ಆಪ್ತ ಸಮಾಲೋಚನೆ ಎನ್ನುತ್ತಾರೆ. ಆಪ್ತ ಎನ್ನುವುದು ಪಾಪ, ನಮ್ಮವರು ಆಸೆಪಟ್ಟು ಸೇರಿಸಿಕೊಂಡ ಮಾತು. ಪುಣೆಯ ಆ ಖೋಲಿ ಹಿಂದೆ ಆಟದ ಸಾಮಾನು ಇಡುವ ಜಾಗವಾಗಿತ್ತು. ಮುರಿದ ಕೇರಂ ಬೋರ್ಡುಗಳನ್ನೂ ಹಗ್ಗಜಗ್ಗಾಟದ ಹಗ್ಗವನ್ನೂ ಮೂಲೆಗೆ ತಳ್ಳಿ, ಮೇಜಿನ ಮೇಲೆ ಪ್ಲಾಸ್ಟಿಕ್ ಗುಲಾಬಿ ಇಟ್ಟು, ಗೋಡೆಗೆ ನಗುವ ಮಗುವಿನ ಚಿತ್ರ ಅಂಟಿಸಿ, ತಪಾಸಣೆಗೆ ಬರುವ ಸಮಿತಿಗೆ ತೋರಿಸಲು ತಯಾರು ಮಾಡಿದ್ದರು. ಸಮಿತಿ ಬಂತು, ಗೋಡಂಬಿ ತಿಂದಿತು, ಹೋಯಿತು. ಖೋಲಿ ಉಳಿಯಿತು. ಅದರೊಳಗೆ ಒಬ್ಬ ಮೇಡಂ ಕೂಡ ಉಳಿದರು.

ಮೇಡಂ ಮೊದಲು ಗೃಹವಿಜ್ಞಾನ ಕಲಿಸುತ್ತಿದ್ದವರು. ಆ ವಿಷಯಕ್ಕೆ ಯಾರೂ ಸೇರದಂತಾದಾಗ ಅಂಚೆಯ ಮೂಲಕ ಒಂದು ಡಿಪ್ಲೊಮಾ ತರಿಸಿಕೊಂಡು ಮನಸ್ಸಿನ ಕಡೆ ಹೊರಳಿದ್ದರು. ಉಪ್ಪಿನಕಾಯಿ ಬೂಸ್ಟು ಹಿಡಿಯದಂತೆ ಇಡುವುದನ್ನು ಹೇಳಿಕೊಡುವಾಗ ಇದ್ದ ಆತ್ಮವಿಶ್ವಾಸ ಇಲ್ಲಿಯೂ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅವರದು ಒಂದೇ ನಿಯಮ. ಪಾಲಕರು ಬರದೆ ವಿದ್ಯಾರ್ಥಿಯ ಜೊತೆ ಮಾತಿಲ್ಲ. ಹಾಜರಿ ಕಡಿಮೆಯಾದವನು, ಗುಟ್ಕಾ ಉಗುಳಿ ಸಿಕ್ಕಿಬಿದ್ದವನು, ಗಣಿತದಲ್ಲಿ ಫೇಲಾದವನು, ಎಲ್ಲರೂ ಅಪ್ಪನನ್ನೋ, ಕಾಕಾ ಎಂದು ಕರೆಯುವ ಚಿಕ್ಕಪ್ಪನನ್ನೋ ಕರೆತಂದು ಆ ಖೋಲಿಯಲ್ಲಿ ಬೈಸಿಕೊಂಡು ಹೋಗಬೇಕು. ಇಲ್ಲದಿದ್ದರೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಇದಕ್ಕೆ ಅವರು ಕೌನ್ಸೆಲಿಂಗ್ ಎನ್ನುತ್ತಿದ್ದರು. ಪೊಲೀಸ್ ಚೌಕಿಯಲ್ಲೂ ಇದನ್ನೇ ಮಾಡುತ್ತಾರೆ, ಆದರೆ ಅಲ್ಲಿ ಮೇಜಿನ ಮೇಲೆ ಗುಲಾಬಿ ಇರುವುದಿಲ್ಲ.

ವಿಜಾಪುರ, ಬೀದರ, ಇಂಡಿ ತಾಲೂಕಿನ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗರಿಗೆ ಇದು ದೊಡ್ಡ ಪೇಚಾಯಿತು. ಹಾಜರಿ ಕಡಿಮೆಯಾಯಿತೆಂದು ಊರಿನಿಂದ ಅಪ್ಪನನ್ನು ಕರೆಸಿದರೆ ಅವನು ಕೌನ್ಸೆಲಿಂಗ್ ಮುಗಿಸಿ ಗಂಟುಮೂಟೆ ಸಮೇತ ಮಗನನ್ನೂ ಕರೆದುಕೊಂಡು ಹೋಗುವವನು. ಆಗ ಅವರ ಕಣ್ಣಿಗೆ ಬಿದ್ದವನು ನಮ್ಮಪ್ಪ.

ಅಪ್ಪ ಕಾತ್ರಜದಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ ಬುಕಿಂಗ್ ಕ್ಲರ್ಕು. ಅಲ್ಲಿ ಅವನ ಮಾತಿಗೆ ಲಾರಿ ಕ್ಲೀನರುಗಳೂ ಸೊಪ್ಪು ಹಾಕುತ್ತಿರಲಿಲ್ಲ. ಅಂಥವನಿಗೆ ಒಂದು ದಿನ ನನ್ನ ಕ್ಲಾಸಿನ ಹುಡುಗನೊಬ್ಬ ಬಂದು, “ಕಾಕಾರ, ಒಂದ್ ದಿನದ ಮಟ್ಟಿಗೆ ನಮ್ಮ ಕಾಕಾ ಆಗ್ರಿ” ಎಂದು ಕೈಮುಗಿದ. ಅಪ್ಪ ಮದುವೆಗಳಿಗೆಂದು ಇಟ್ಟುಕೊಂಡಿದ್ದ ಬೂದುಬಣ್ಣದ ಸಫಾರಿ ಸೂಟು ಹಾಕಿ, ಜೇಬಿಗೆ ಪೆನ್ನು ಸಿಗಿಸಿ ಹೊರಟ. ಖೋಲಿಯಲ್ಲಿ ಆ ಹುಡುಗನಿಗೆ ಕನ್ನಡದಲ್ಲಿ ಹಿಗ್ಗಾಮುಗ್ಗಾ ಬೈದ. ಮೇಡಂಗೆ ಒಂದಕ್ಷರ ತಿಳಿಯದಿದ್ದರೂ ಭಾಳ ಮೆಚ್ಚಿಗೆಯಾಯಿತು. ಚಹಾ ತರಿಸಿದರು. ಸಾಹೇಬ ಎಂದು ಕರೆದರು. ಅಲ್ಲಿಗೆ ಅಪ್ಪ ಕೆಟ್ಟ.

ಆಮೇಲೆ ಅವನು ಯಾರು ಕರೆದರೂ ಕಾಕಾ ಆದ. ಲಿಂಗಾಯತರ ಹುಡುಗನಿಗೂ ಆದ, ಕುರುಬರ ಹುಡುಗನಿಗೂ ಆದ, ಜೈನರ ಹುಡುಗನಿಗೂ ಆದ. ಅದೇ ಸಫಾರಿ, ಅದೇ ಪೆನ್ನು. ಮೇಡಂಗೆ ಒಮ್ಮೆಯೂ ಅನುಮಾನ ಬರಲಿಲ್ಲ. ಅಷ್ಟೇ ಆಗಿದ್ದರೆ ದಡ್ಡತನ ಎಂದು ಬಿಡಬಹುದಿತ್ತು. ಆ ವರ್ಷದ ಪಾಲಕರ ಸಭೆಯಲ್ಲಿ ಅವರು ಅಪ್ಪನನ್ನು ವೇದಿಕೆಗೆ ಕರೆಸಿ, ಇಷ್ಟೊಂದು ಅಣ್ಣತಮ್ಮಂದಿರ ಮಕ್ಕಳನ್ನು ಒಬ್ಬರೇ ಓದಿಸುತ್ತಿದ್ದಾರೆ, ಅವಿಭಕ್ತ ಕುಟುಂಬ ಎಂದರೆ ಹೀಗಿರಬೇಕು ಎಂದು ಮರಾಠಿಯಲ್ಲಿ ಭಾಷಣ ಮಾಡಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಅಪ್ಪ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ. ಅವನ ಸ್ವಂತ ಮಗಳು ನಾನು ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿದ್ದೆ. ಮನೆಗೆ ಬಂದಾಗ ಅವ್ವ ಆ ಕಾಯಿ ಒಡೆದು ಚಟ್ನಿ ಅರೆದಳು. “ಊರ ಮಂದಿಗೆಲ್ಲ ಕಾಕಾ ಆದ್ರಿ. ಮನ್ಯಾಗಿನ ಗ್ಯಾಸ್ ತೀರಿ ನಾಕ್ ದಿನ ಆತು” ಎಂದಳು.

ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬ ಹುಡುಗಿ ಯಾದಗಿರಿ ಕಡೆಯವಳು, ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ರಸಾಯನಶಾಸ್ತ್ರದಲ್ಲಿ ನಮಗೆಲ್ಲ ಅವಳೇ ದಿಕ್ಕು. ದೀಪಾವಳಿ ರಜೆ ಮುಗಿದ ಮೇಲೆ ಅವಳು ಬೇರೆಯೇ ಆಗಿಬಿಟ್ಟಳು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇರುತ್ತಿತ್ತು. ಪ್ರಯೋಗಶಾಲೆಯಲ್ಲಿ ಬರ್ನರ್ ಉರಿಯುತ್ತಿದ್ದರೆ ಪ್ರನಾಳ ಹಿಡಿದು ಸುಮ್ಮನೆ ನಿಂತಿರುವಳು. ನಿದ್ದೆ ಬರುತ್ತದೋ ಇಲ್ಲವೋ ಎಂದು ಕೇಳಿದರೆ, “ಕಣ್ಣ ಮುಚ್ಚಿದ್ರ ಮತ್ತಿಷ್ಟು ಎಚ್ಚರಾಗ್ತದ” ಎಂದಳು. ಯಾಕೆ ಹೀಗಾಗಿದೆ ಎಂದರೆ ಅವಳಿಗೂ ಗೊತ್ತಿರಲಿಲ್ಲ. ಪ್ರೇಮವಿಲ್ಲ, ಜಗಳವಿಲ್ಲ, ಫೇಲಾಗಿಲ್ಲ.

ಆ ಖೋಲಿಗೆ ತನ್ನ ಕಾಲ ಮೇಲೆ ತಾನೇ ನಡೆದು ಹೋದವಳು ನನಗೆ ತಿಳಿದಂತೆ ಅವಳೊಬ್ಬಳೇ. ಬೋರ್ಡನ್ನು ನಂಬಿ ಹೋಗಿದ್ದಳು. ಮೇಡಂ ತಲೆ ಎತ್ತಿ, “ಪಾಲಕ ಕುಠೇ?” ಎಂದರು. ಪಾಲಕರು ಊರಲ್ಲಿದ್ದಾರೆ ಎಂದಳು. ಅವರು ಬಂದಾಗ ಬಾ ಎಂದರು. ಮಾರನೆಯ ವಾರ ಮತ್ತೆ ಹೋದಳು. ಗುಟ್ಕಾ ಹುಡುಗರ ಸಾಲಿನಲ್ಲಿ ಬೆಂಚಿನ ಮೇಲೆ ಕೂತು, ಅವರು ಕಿಸಿಕಿಸಿ ನಗುವುದನ್ನು ಸಹಿಸಿಕೊಂಡು, ಅದೇ ಮಾತು ಕೇಳಿ ವಾಪಸಾದಳು. ಸಾಯುವ ಹಾಗೆ ನೋವಿದ್ದ ಹುಡುಗಿಗೆ ನಿನ್ನ ಕಾಕಾ ಎಲ್ಲಿ ಎಂದು ಕೇಳುವ ಹೆಂಗಸಿಗೆ ಸಂಬಳ ಕೊಡುತ್ತಿದ್ದರಲ್ಲ ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ಅವಳು ಹಾಸ್ಟೆಲಿನ ತಾರಸಿಯ ಅಂಚಿನ ಕಟ್ಟೆಯ ಮೇಲೆ ಕಾಲು ಹೊರಗೆ ಇಳಿಬಿಟ್ಟು ಕೂತದ್ದನ್ನು ಹಾಸ್ಟೆಲ್ ನೋಡಿಕೊಳ್ಳುವ ರೆಕ್ಟರ್ ಕಂಡು ಕೆಳಗಿಳಿಸಿದರು. ಆಗ ಎಲ್ಲರಿಗೂ ಒಮ್ಮೆಲೇ ಎಚ್ಚರವಾಯಿತು. ಶನಿವಾರದೊಳಗೆ ಪಾಲಕರು ಬರಬೇಕು, ಇಲ್ಲವೇ ಹಾಸ್ಟೆಲ್ ಬಿಡಬೇಕು ಎಂದು ಹುಕುಮಾಯಿತು. ಅವಳು ನನ್ನ ಕಡೆ ನೋಡಿದಳು. ನಾನು ಅಪ್ಪನಿಗೆ ಹೇಳಿದೆ. ಅಪ್ಪ ಸಫಾರಿಗೆ ಇಸ್ತ್ರಿ ಹಾಕಿಸಿದ.

ಅಂದು ಮೇಡಂ ಹುಡುಗಿಯನ್ನು ನನ್ನ ಜೊತೆ ಹೊರಗೆ ಕೂರಿಸಿ, ಅಪ್ಪನೊಬ್ಬನನ್ನೇ ಒಳಗೆ ಕರೆದು ಬಾಗಿಲು ಮುಚ್ಚಿಕೊಂಡರು. ಎಂದಿನಂತೆ ಮದುವೆ ಊಟ ಮುಗಿಸಿದವನ ಹಾಗೆ ಹೊರಬರುತ್ತಿದ್ದ ಅಪ್ಪ ಈ ಸಲ ಬೆವರು ಒರೆಸಿಕೊಳ್ಳುತ್ತ ಬಂದ. ನಮ್ಮಿಬ್ಬರ ಮುಖವನ್ನೂ ನೋಡದೆ ಗೇಟು ದಾಟಿ ಹೋದ. ಮೇಡಂ ಹುಡುಗಿಯ ಬೆನ್ನು ತಟ್ಟಿ, ಇಂಥ ಕಾಕಾ ಇರುವಾಗ ನಿನಗೇನು ಚಿಂತೆ, ಯಾವಾಗಲೂ ನಗುತ್ತಿರು ಎಂದರು. ಕಾಕಾ ಬಂದು ಕರೆದುಕೊಂಡು ಹೋಗುವವರೆಗೆ ಇವಳನ್ನು ಹೊರಗೆ ಬಿಡಬೇಡಿ ಎಂದು ಹಾಸ್ಟೆಲಿಗೆ ಹೇಳಿ ಕಳಿಸಿದರು.

ಸಂಜೆ ಮನೆಯಲ್ಲಿ ಅಪ್ಪ ಬಾಯಿಬಿಟ್ಟ. “ಆ ಹುಡುಗಿ ಬದುಕೂದ ಬ್ಯಾಡ ಅಂತಾಳಂತ. ರೆಕ್ಟರ್ ಮುಂದ ಹಂಗ ಅಂದಾಳಂತ. ಇದನ್ನ ಮನಿ ಮಂದಿಗೆ ಅಷ್ಟ ಹೇಳಬೇಕು, ಅದಕ್ಕ ನಿಮಗ ಹೇಳೀನಿ, ಇನ್ನ ಜವಾಬ್ದಾರಿ ನಿಮ್ಮದು ಅಂದ್ರು.”

“ನೀವೇನಂದ್ರಿ?” ಎಂದಳು ಅವ್ವ.

“ಹೂಂ ಅಂದೆ. ಮತ್ತೇನನ್ನಲಿ? ನಾಳೆ ಏನರ ಆತಂದ್ರ ಪೊಲೀಸರು ನನ್ನ ಹಿಡೀತಾರ.”

ಅವ್ವನಿಗೆ ಉಗುಳುವಷ್ಟು ಸಿಟ್ಟು ಬಂದಿತ್ತು, ನನಗೂ ಬಂದಿತ್ತು. ಒಂದು ಜೀವದ ಸಂಗತಿಯನ್ನು ಆ ಮೇಡಂ, ಹುಡುಗಿಯ ಹೆಸರನ್ನು ಅಂದೇ ಬೆಳಿಗ್ಗೆ ಗೇಟಿನ ಹತ್ತಿರ ನನ್ನಿಂದ ಕೇಳಿ ತಿಳಿದುಕೊಂಡಿದ್ದ ಮನುಷ್ಯನ ಕೈಗೆ ಇಟ್ಟು ತಾವು ಕೈತೊಳೆದುಕೊಂಡಿದ್ದರು. ಆ ಮನುಷ್ಯನೋ, ಹುಡುಗಿ ಸತ್ತರೆ ತನಗೇನಾಗುತ್ತದೆ ಎಂದು ಲೆಕ್ಕ ಹಾಕುತ್ತ ಕೂತಿದ್ದ.

ಮರುದಿನ ನಾನು ಹಾಸ್ಟೆಲಿಗೆ ಹೋಗಿ, ಊರಿನಿಂದ ನಿಮ್ಮವ್ವನನ್ನು ಕರೆಸೋಣ ಎಂದೆ. ಅವಳು ಗೋಡೆಯ ಕಡೆ ತಿರುಗಿಕೊಂಡು, “ಅವ್ವ ಊರಾಗಿಲ್ಲ. ಇಲ್ಲೇ ಮಗರಪಟ್ಟಾದಾಗ ಅದಾಳ” ಎಂದಳು. ಅಲ್ಲಿ ಎತ್ತರದ ಕಟ್ಟಡಗಳು ಏಳುತ್ತಿದ್ದವು. ಅವಳ ಅವ್ವ ಅಪ್ಪ ಗಾರೆ ಕೆಲಸಕ್ಕೆ ಬಂದು ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ತಂದೆತಾಯಿ ಪುಣೆಯಲ್ಲಿದ್ದರೆ ಹಾಸ್ಟೆಲಿನಲ್ಲಿ ಸೀಟಿಲ್ಲ ಎಂಬುದು ನಿಯಮ. ಅದಕ್ಕೇ ಅವಳು ಅವರನ್ನು ಊರಲ್ಲಿದ್ದಾರೆಂದು ಹೇಳಿದ್ದಳು. ಯಾರಾದರೂ ನೋಡಿಯಾರೆಂದು ತಿಂಗಳುಗಟ್ಟಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. “ಅವ್ವಗ ಹೇಳಬ್ಯಾಡ. ಸೀಟ್ ಹೋದ್ರ ಶೆಡ್ಡಿನಾಗ ಕುಂತು ಏನ್ ಓದ್ಲಿ?” ಎಂದಳು.

ಆದರೂ ನಾನು ಅವಳ ಅವ್ವನಿಗೆ ಹೇಳಲು ಹೊರಟೆ. ಅಪ್ಪನೂ ನನ್ನ ಜೊತೆ ಮಗರಪಟ್ಟಾಕ್ಕೆ ಬಂದ. ಕರುಣೆಯಿಂದಲ್ಲ, ತಲೆ ಮೇಲಿನ ಭಾರವನ್ನು ಯಾರಿಗಾದರೂ ದಾಟಿಸುವ ಅವಸರದಿಂದ. ಅಂದು ಸ್ಲ್ಯಾಬ್ ಹಾಕುವ ದಿನ. ಹುಡುಗಿಯ ಅಪ್ಪ ಮೇಲೆ ಎಲ್ಲೋ ಇದ್ದ, ಸ್ಲ್ಯಾಬ್ ಮುಗಿಯದೆ ಇಳಿಯುವಂತಿರಲಿಲ್ಲ. ಅವಳ ಅವ್ವ ಬುಟ್ಟಿ ಹೊತ್ತು ಸಾಲಿನಲ್ಲಿದ್ದಳು. ನಾನು ಹೇಳಿದ್ದನ್ನು ಅರ್ಧ ಕೇಳಿದವಳೇ ಬುಟ್ಟಿ ಇಳಿಸಿ, ತಲೆಯ ಮೇಲಿನ ಸಿಂಬಿ ತೆಗೆದು ಪಕ್ಕದವಳಿಗೆ ಕೊಟ್ಟು, “ನಡೀರಿ” ಎಂದಳು. ಕೈ ತೊಳೆಯಲೂ ನಿಲ್ಲಲಿಲ್ಲ. ಬಸ್ಸಿನಲ್ಲಿ ಅಪ್ಪ ಅವಳಿಗೆ ಪಾಠ ಹೇಳಿಕೊಟ್ಟ. “ನೋಡವಾ, ಅಲ್ಲಿ ನೀ ಅವ್ವ ಅನ್ನಬ್ಯಾಡ. ಅಂದ್ರ ಹುಡುಗಿ ಸೀಟು ಹೋಗ್ತದ. ಊರಕಡಿ ಹೆಣ್ಮಗಳು ಅನ್ನು, ಸಾಕು.” ಅವಳು, “ಹೂನ್ರೀ, ನೀವು ಹ್ಯಾಂಗಂತೀರಿ ಹಂಗ” ಎಂದಳು.

ಖೋಲಿಗೆ ಹುಡುಗಿಯನ್ನು ಕರೆಸಿದರು. ಮೇಡಂ ಸಿಮೆಂಟು ಮೆತ್ತಿದ ಕಾಲುಗಳನ್ನೂ ತಾವು ಒರೆಸಿಸಿದ್ದ ನೆಲವನ್ನೂ ನೋಡಿ, “ಹೀ ಕೋಣ?” ಎಂದರು, ಇವಳ್ಯಾರು ಎಂದು. ಅಪ್ಪ, ನಮ್ಮ ಊರ ಕಡೆಯವಳು, ಹುಡುಗಿಯನ್ನು ಮನೆಗೆ ಕರೆದೊಯ್ಯಲು ಜೊತೆಗೆ ಬಂದಿದ್ದಾಳೆ ಎಂದ. ಹುಡುಗಿಯ ಅವ್ವ, ಬಸ್ಸಿನಲ್ಲಿ ಅಪ್ಪ ಹೇಳಿಕೊಟ್ಟಂತೆ, ತಲೆ ಆಡಿಸಿದಳು. ಮಗಳ ಕಡೆ ಕಣ್ಣೆತ್ತಲಿಲ್ಲ, ನೋಡಿದರೆ ತಡೆಯುವುದು ಆಗದೆಂದು ಗೊತ್ತಿತ್ತೇನೋ.

ಹುಡುಗಿ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಸ್ಪಷ್ಟ ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ, “ಹೀ ಮಾಝೀ ಆಯಿ” ಎಂದಳು. ಇವಳು ನನ್ನ ಅವ್ವ. ಕನ್ನಡದಲ್ಲಿ ಹೇಳಿದ್ದರೆ ನಾವು ನಾಲ್ವರೊಳಗೇ ಮುಗಿಯುತ್ತಿತ್ತು. ಅವಳು ಬೇಕೆಂದೇ ಮೇಡಂಗೆ ಹೇಳಿದ್ದಳು. ಸೀಟು ಹೋಯಿತು ಎಂದುಕೊಂಡೆ.

ಮೇಡಂ ನಕ್ಕರು. ಕುರ್ಚಿ ಮುಂದೆ ಎಳೆದುಕೊಂಡು ಅಪ್ಪನಿಗೆ ಮೆಲ್ಲಗೆ ಹೇಳಿದರು: ನೋಡಿದಿರಾ ಸಾಹೇಬ, ಮೊನ್ನೆ ಹೇಳಿದೆನಲ್ಲ, ಇದೇ ಆ ರೋಗ. ಕೂಲಿಯವಳನ್ನು ತಾಯಿ ಎನ್ನುತ್ತಿದ್ದಾಳೆ. ಅಥವಾ ನಾಟಕವೂ ಇರಬಹುದು, ಈಗಿನ ಹುಡುಗರು ಕೆಲಸಕ್ಕೆ ಕಾಯುತ್ತ ಚೌಕದಲ್ಲಿ ನಿಂತ ಕೂಲಿಗಳಿಗೆ ದುಡ್ಡು ಕೊಟ್ಟು ತಂದೆತಾಯಿ ಎಂದು ಕರೆತರುತ್ತಾರಂತೆ. ಆದರೆ ನನ್ನ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ, ಅನುಭವ ಇದೆ.

ಆಗ ಅಪ್ಪ ಒಂದು ಮಾತು ಹೇಳಬಹುದಿತ್ತು. ಶಾಲು ಹೊದ್ದ ಆ ಹೆಗಲು ಕುಗ್ಗಿಹೋಗಿತ್ತು. ಅವನು ಜೇಬಿನ ಪೆನ್ನು ತೆಗೆದು, ಎಲ್ಲಿ ಸಹಿ ಮಾಡಲಿ ಎಂದು ಕೇಳಿದ. ಹೀಗೆ ಹೆತ್ತವಳಿಗೆ ಅವಳ ಮಗಳನ್ನು ನಮ್ಮಪ್ಪನ ಸಹಿಯ ಮೇಲೆ ಕೊಟ್ಟರು. ಸೀಟು ಉಳಿಯಿತು, ನಿಜ ಹೇಳಿದ್ದನ್ನು ಯಾರೂ ನಂಬಲಿಲ್ಲವಲ್ಲ, ಅದಕ್ಕೆ. ಹೊರಡುವಾಗ ಮೇಡಂ ಹುಡುಗಿಯ ಅವ್ವನಿಗೆ ಬೆರಳು ತೋರಿಸಿ, ಸಾಹೇಬರು ನಂಬಿ ಕಳಿಸುತ್ತಿದ್ದಾರೆ, ಜೋಪಾನ ಎಂದರು.

ಅಪ್ಪ ಸ್ವಾರಗೇಟಿನಲ್ಲಿ ಇಳಿದು ಆಫೀಸಿಗೆ ಹೋದ. ಭಾರ ಇಳಿದವನ ನಡಿಗೆ ಅದು. ನಾವು ಮೂವರು ಮಗರಪಟ್ಟಾದ ಕಡೆ ಹೋಗುವ ಹಡಪಸರದ ಬಸ್ಸು ಹತ್ತಿದೆವು. ಮುಂದೆ ಅವಳನ್ನು ಸರಕಾರಿ ದವಾಖಾನೆಗೆ ತೋರಿಸಿದರು. ಅಲ್ಲಿಯ ಗಲಾಟೆಯಲ್ಲಿ, ಊಟಕ್ಕೂ ಪುರುಸೊತ್ತಿಲ್ಲದ ಡಾಕ್ಟರೊಬ್ಬರು ಗುಳಿಗೆ ಕೊಟ್ಟು, ಪ್ರತಿ ವಾರ ಬಾ ಎಂದರು. ಬೇಸಿಗೆ ಬರುವ ಹೊತ್ತಿಗೆ ಅವಳು ಮತ್ತೆ ನನ್ನ ಬೆಂಚಿಗೆ ಬಂದು ಕೂತಳು. ಈಗ ಅವಳು ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅದರಲ್ಲಿ ಆ ಖೋಲಿಯ ಪಾಲು ಏನೂ ಇಲ್ಲ.

ಆದರೆ ಅಂದು ಬಸ್ಸಿನಲ್ಲಿ ಇದೆಲ್ಲ ನಮಗೇನು ಗೊತ್ತು? ಹುಡುಗಿ ಅವ್ವನ ತೊಡೆಯ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿದ್ದಳು. ಅವ್ವ ಒಣಗಿದ ಸಿಮೆಂಟು ಚುಚ್ಚೀತೆಂದು ಅಂಗೈ ಮಡಿಸಿಕೊಂಡು, ಬೆರಳ ಹಿಂಬದಿಯಿಂದ ಅವಳ ಹಣೆ ಸವರುತ್ತಿದ್ದಳು. ಸವರುತ್ತಲೇ ನನ್ನನ್ನು ಕೇಳಿದಳು.

“ಆ ಬಾಯರು ಅಲ್ಲಿ ಕುಂತು ಏನ್ ಮಾಡ್ತಾರವಾ?”

“ಓದೂ ಹುಡುಗರ ಮನಸಿಗೆ ತ್ರಾಸ ಆದ್ರ, ಏನಾಗ್ಯದ ಅಂತ ಕೇಳ್ತಾರ” ಎಂದೆ. ಅದೇ ಅವರ ಕೆಲಸವೆಂದು ಬೋರ್ಡಿನಲ್ಲಿ ಬರೆದಿತ್ತು.

“ಹಂಗಾರ ನಮ್ ಹುಡುಗಿಗಿ ಏನಂತ ಕೇಳಿದ್ರು?”

ನಿದ್ದೆ ಹತ್ತಿದೆ ಎಂದುಕೊಂಡಿದ್ದ ಹುಡುಗಿ ಕಣ್ಣು ತೆರೆಯದೆಯೇ ಹೇಳಿದಳು.

“ಕಾಕಾ ಯಾವಾಗ ಬರ್ತಾರ ಅಂತ ಕೇಳಿದ್ರು.”