ಕಾಲೋನಿಗೆ ಸ್ಟಾಪ್ ಇಲ್ಲ

"ಕಾಲೋನಿಗೆ ಸ್ಟಾಪ್ ಇಲ್ಲ ಕಣ್ರೀ. ಊರಲ್ಲಿ ಇಳ್ಕೊಂಡು ವಾಪಸ್ ನಡ್ಕೊಂಡ್ ಬನ್ನಿ."

ಕಂಡಕ್ಟರ್ ಹಾಗಂದ. ಅಷ್ಟರಲ್ಲಿ ಆ ಪ್ರೈವೇಟ್ ಬಸ್ಸು ನಮ್ಮ ಮೋರಿ ದಾಟಿ ಹೋಗಿತ್ತು. ಕಿಟಕಿಯಲ್ಲಿ ನಮ್ಮ ಮನೆ ಕಾಣಿಸಿತು. ಮನೆ ಮುಂದೆ ಸೊಪ್ಪು ಸೋಸುತ್ತ ಕೂತಿದ್ದ ಅಜ್ಜಿ ಕಾಣಿಸಿದಳು. ಇಳಿಯೋಕೆ ಮಾತ್ರ ಆಗಲಿಲ್ಲ.

ನಾನು ನರಸೀಪುರದಲ್ಲಿ ಗೋಡೆ ಬರೆದು ವಾಪಸ್ ಬರುತ್ತಿದ್ದೆ. (ಗೋಡೆ ಮೇಲೆ ಸಿಮೆಂಟು, ಗೊಬ್ಬರ, ಬನಿಯನ್ ಜಾಹೀರಾತು ಬರೆಯುವುದು ನನ್ನ ಕಸುಬು. ಈ ಅಂಕಣ ಓದುವ ಹಳಬರಿಗೆ ಗೊತ್ತು, ಹೊಸಬರಿಗೆ ಹೇಳುತ್ತಿದ್ದೇನೆ.) ಪಕ್ಕದಲ್ಲಿ ತಂಗಿ ಭಾಗ್ಯ. ಈ ವರ್ಷ ಅಲ್ಲೇ ಕಾಲೇಜು ಸೇರಿದ್ದಾಳೆ, ಮೊದಲನೇ ಪಿಯುಸಿ.

"ದಿನಾ ಇಂಗೇನಾ?" ಅಂತ ಕೇಳಿದೆ.

"ದಿನಾ ಇಂಗೇ ಕಣಣ್ಣಾ."

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದು. ಊರಿನ ಹೆಸರು ಬರೆಯಲ್ಲ. ಬರೆದರೆ ಎಡಿಟರಿಗೆ ಫೋನು ಬರುತ್ತೆ. ನರಸೀಪುರದ ಕಡೆಯಿಂದ ಬಂದರೆ ಮೊದಲು ಸಿಕ್ಕುವುದು ನಾವಿರುವ ಕಾಲೋನಿ. ಆಮೇಲೆ ಕಬ್ಬಿನ ಗದ್ದೆ. ಗದ್ದೆ ದಾಟಿದರೆ ಊರು. ಸ್ಟಾಪ್ ಇರುವುದು ಊರಲ್ಲಿ, ಟೀ ಅಂಗಡಿ ಮುಂದೆ. (ಆ ಹೊತ್ತಿಗೆ ಮೋಡ ಹೇಗಿತ್ತು, ಗದ್ದೆ ಹೇಗಿತ್ತು ಅನ್ನುವುದನ್ನೆಲ್ಲ ನೀವೇ ಸೇರಿಸಿಕೊಳ್ಳಿ. ನನಗೆ ಬರಲ್ಲ.)

ಟೀ ಅಂಗಡಿ ಮುಂದೆ ಇಳಿದೆವು. ಭಾಗ್ಯ ಮುಂದೆ, ನಾನು ಬಣ್ಣದ ಡಬ್ಬಿ ಹಿಡಿದುಕೊಂಡು ಹಿಂದೆ. ಬೆಂಚಿನ ಮೇಲೆ ಕೂತಿದ್ದ ಹುಡುಗರಿಗೆ ನಾನು ಕಾಣಿಸಲಿಲ್ಲ.

"ದಾರಿ ಬುಡ್ರಲಾ, ಕಾಲೋನಿ ಲಾಯರಮ್ಮ ಬಂದ್ರು!"

"ಲಾಯರಮ್ಮಾ, ನಂದೊಂದ್ ಕೇಸದೆ, ತಕ್ಕತೀರಾ?"

ಆಮೇಲೆ ನಾನು ಕಾಣಿಸಿದೆ. ಸುಮ್ಮನಾದರು. ಆದರೆ ನಾನು ದಿನಾ ಇರುತ್ತೀನಾ? ಭಾಗ್ಯ ತಲೆ ಬಗ್ಗಿಸಿಕೊಂಡು ಬಂದ ದಾರಿಯಲ್ಲೇ ವಾಪಸ್ ನಡೆದಳು. ಆ ನಡಿಗೆ ನೋಡಿದರೆ ಅವಳಿಗೆ ಅದು ಅಭ್ಯಾಸವಾಗಿದೆ ಅಂತ ಗೊತ್ತಾಗುತ್ತಿತ್ತು.

ಅಪ್ಪನಿಗೆ ಹೇಳಿದೆ. ಹೇಳಬಾರದಿತ್ತು.

"ಎಣ್ ಮಗಿನ ದಿನಾ ಕಂಡೋರ ಬಾಯಿಗೆ ಆಕದಾ? ಈ ವಾರ ನೋಡ್ತೀನಿ. ಇಂಗೇ ಆದ್ರೆ ಕಾಲೇಜೂ ಬ್ಯಾಡ, ಏನೂ ಬ್ಯಾಡ. ಮನೇಲಿರ್ಲಿ."

ಅಪ್ಪ ಕೂಗಾಡುವ ಆಸಾಮಿ ಅಲ್ಲ. ಮೆಲ್ಲಗೆ ಹೇಳಿದ. ಅದಕ್ಕೇ ಭಾಗ್ಯ ಹೆದರಿದಳು.

ಅವತ್ತು ಸಂಜೆ ಎಲ್ಲರೂ ಸಮುದಾಯ ಭವನದಲ್ಲಿ ಟೀವಿ ಮುಂದೆ ಕೂತಿದ್ದೆವು. ಕನ್ನಡ ವಾರ್ತೆ ಮುಗಿದು ಇಂಗ್ಲಿಷ್ ನ್ಯೂಸು ಬಂತು. ಯಾರೂ ಏಳಲಿಲ್ಲ. ಆಮೇಲೆ ಸೀರಿಯಲ್ ಇತ್ತಲ್ಲ! ನ್ಯೂಸಿನಲ್ಲಿ ದೊಡ್ಡ ದೊಡ್ಡ ಬಿಲ್ಡಿಂಗು, ಸಮುದ್ರ, ಮಳೆಯಲ್ಲಿ ನೆನೆಯುತ್ತ ನಿಂತ ಸಿಪಾಯಿಗಳು. ಬಾವುಟ ಇಳಿಸುತ್ತಿದ್ದರು. ಓದುವವನು ಒಂದೇ ಸಮ ಇಂಗ್ಲಿಷು ಸುರಿಯುತ್ತಿದ್ದ. ಅದರಲ್ಲಿ ನಮ್ಮಜ್ಜಿಗೆ ಒಂದೇ ಒಂದು ಪದ ಅರ್ಥವಾಯಿತು.

"ಅದೇನವ್ವಾ ಅವ್ನು ಕಾಲೋನಿ ಕಾಲೋನಿ ಅಂತಾವ್ನೆ? ನಮ್ ಸುದ್ದಿಯಾ?"

ಎಲ್ಲರೂ ನಕ್ಕರು. ಭಾಗ್ಯ ನಗಲಿಲ್ಲ. "ಅದು ಹಾಂಗ್‌ಕಾಂಗ್ ಕಣಜ್ಜಿ. ಚೀನಾ ಪಕ್ಕದಲ್ಲದೆ. ಬ್ರಿಟಿಷ್‌ನೋರ ಕಾಲೋನಿ."

"ಆಂಗ್‌ಕಾಂಗಾ? ಇಷ್ಟೆತ್ರ ಬಿಲ್ಡಿಂಗವೆ! ಇದೆಂಥಾ ಕಾಲೋನಿನವ್ವ? ಗೌರ್ಮೆಂಟ್ನೋರು ಕಟ್ಟುಸ್ಕೊಟ್ಟಿದ್ದಾ?"

(ನಮ್ಮ ಮನೆಗಳನ್ನು ಗೌರ್ಮೆಂಟ್‌ನವರೇ ಕಟ್ಟಿಸಿಕೊಟ್ಟಿದ್ದು. ಮಳೆ ಬಂದರೆ ಒಳಗಡೆ ಕೊಡೆ ಬಿಚ್ಚಬೇಕು.)

"ಆ ಥರ ಕಾಲೋನಿ ಅಲ್ಲ ಅಜ್ಜಿ. ಎಲ್ಲಿಂದ್ಲೋ ಬಂದೋರು ಇನ್ನೊಬ್ಬರ ಜಾಗ ಹಿಡ್ಕೊಂಡು ದರ್ಬಾರ್ ಮಾಡಿದ್ರೆ ಅದು ಕಾಲೋನಿ. ನಮ್ ಪುಸ್ತಕದಲ್ಲಿ ವಸಾಹತು ಅಂತ ಬರ್ದವ್ರೆ."

"ಏನು?"

"ವಸಾಹತು."

"ಅದ್ನ ಅನ್ನಕೋದ್ರೆ ಬಾಯಲ್ಲಿರೋ ಎಲ್ಡ್ ಅಲ್ಲೂ ಬಿದ್ದೋಯ್ತವೆ. ಕಾಲೋನಿ ಅಂತ್ಲೇ ಏಳು."

"ಸರಿ, ಕಾಲೋನಿ. ಇವತ್ತು ಬ್ರಿಟಿಷ್‌ನೋರು ಬಿಟ್ಟೋದ್ರು. ನೋಡಲ್ಲಿ, ದೊರೆ ಹಡಗು ಹತ್ತುತಾವ್ನೆ. ಇನ್ಮೇಲೆ ಅದು ಕಾಲೋನಿ ಅಲ್ಲ."

"ಕಾಲೋನಿ ಅಲ್ದಿದ್ರೆ ಇನ್ನೇನಾಯ್ತು? ಊರಾಯ್ತಾ?"

ಭಾಗ್ಯ ಚೀನಾದವರ ಕೈಗೆ ಹೋಯಿತು ಅಂತ ಹೇಳಬೇಕಿತ್ತೇನೋ. "ಹೂಂ, ಊರಾಯ್ತು" ಅಂದುಬಿಟ್ಟಳು.

ಆಮೇಲೆ ಅವಳಿಗೂ ಹುರುಪು ಬಂತು. ಆಫ್ರಿಕಾ, ಬರ್ಮಾ, ಸಿಲೋನು ಎಲ್ಲ ಕಾಲೋನಿಯಾಗಿತ್ತು ಅಂದಳು. ಬ್ರಿಟಿಷರು, ಫ್ರೆಂಚರು, ಡಚ್ಚರು, ಪೋರ್ಚುಗೀಸರು ಭೂಮಿಯನ್ನು ರೊಟ್ಟಿ ಮುರಿದಂಗೆ ಮುರಿದುಕೊಂಡರು ಅಂದಳು. ಆ ಜಾಗದ ಜನ ದುಡಿಯೋದು, ಇವರು ಹಡಗಿಗೆ ತುಂಬೋದು. ಇವರು ಕೂತ ಕಡೆ ಅವರು ಕೂರಂಗಿಲ್ಲ. ಇವರ ಹೋಟ್ಲು, ಇವರ ಕ್ಲಬ್ಬಿಗೆ ಅವರು ಹೋಗಂಗಿಲ್ಲ. ಅಮೇರಿಕಾ ಕೂಡ ಒಂದು ಕಾಲಕ್ಕೆ ಕಾಲೋನಿಯೇ ಅಂದಳು.

"ಅಮೇರಿಕಾನೂ?"

"ಅಮೇರಿಕಾನೂ ಅಜ್ಜಿ. ಇಂಡಿಯಾನೂ."

"ಇಂಡಿಯಾ ಅಂದ್ರೆ... ಊರೋರೂ ಸೇರ್ಕೊಂಡಾ?"

"ಊರೋರೂ ಸೇರ್ಕೊಂಡೇ."

"ಪಟೇಲ್ರು ಮನೇರೂ?"

"ಅವರೂ."

ಅಜ್ಜಿ ನಗೋಕೆ ಶುರು ಮಾಡಿದಳು ನೋಡಿ. ನಕ್ಕು ನಕ್ಕು ಕೆಮ್ಮು ಹತ್ತಿತು. ಯಾರೋ ಬೆನ್ನು ತಟ್ಟಿದರು. "ಅಯ್ಯೋ ನನ್ ಶಿವ್ನೆ! ಪಟೇಲ್ರು ತಾತನೂ ಕಾಲೋನಿಯೋನಾ? ಇಷ್ಟ್ ದಿನ ಯಾರೂ ಏಳ್ನೇ ಇಲ್ವಲ್ಲಾ!"

ಹಿಂದೆ ಕೂತಿದ್ದ ಮಾದು ಮಾವನಿಗೆ ಸರಿಬರಲಿಲ್ಲ. ಅವನಿಗೆ ಮಹಾರಾಜರು ಅಂದರೆ ಪ್ರಾಣ. "ಸುಳ್ಳೇಳ್ಬ್ಯಾಡ ಕಣವ್ವ. ನಮ್ದು ಮಾರಾಜ್ರು ಸೀಮೆ. ಇಲ್ಲಿ ಬ್ರಿಟಿಷ್ನೋರು ಎಲ್ಲಿದ್ರು?"

"ಮಹಾರಾಜ್ರು ಮೇಲೆ ರೆಸಿಡೆಂಟ್ ಅಂತ ಒಬ್ಬ ಬ್ರಿಟಿಷ್‌ನೋನು ಕೂತಿದ್ದ ಮಾವ. ದೊಡ್ಡ ದೊಡ್ಡ ಕೆಲಸಕ್ಕೆಲ್ಲ ಅವನು ಹೂಂ ಅನ್ನಬೇಕಿತ್ತು."

"ಮಾರಾಜ್ರೂ ಒಬ್ನ ಹೂಂ ಕಾಯ್ಬೇಕಿತ್ತಾ?" ಮಾವ ಬೀಡಿ ಹಚ್ಚಿಕೊಂಡು ಆಚೆಗೆ ಹೋದ.

ನಗು ನಿಂತ ಮೇಲೆ ಅಜ್ಜಿ ಕೇಳಿದಳು. "ಎಲ್ಲಾರ್ದೂ ಊರಾಯ್ತಲ್ಲವ್ವ. ನಮ್ದ್ಯಾಕೆ ಇನ್ನೂ ಕಾಲೋನಿ?"

ಸೀರಿಯಲ್ ಶುರುವಾಯಿತು. ಭಾಗ್ಯ ಬದುಕಿಕೊಂಡಳು.

ನಾನು ಯೋಚನೆ ಮಾಡಿದೆ. ನಂಜನಗೂಡಿನಲ್ಲಿ ಕಾರ್ಖಾನೆಯವರಿಗೆ ಸ್ಟಾಫ್ ಕಾಲೋನಿ ಇರುತ್ತೆ. ಗೇಟು, ವಾಚ್‌ಮನ್, ಬೋಗನ್‌ವಿಲ್ಲಾ ಗಿಡ, ಮಕ್ಕಳನ್ನು ಕರೆದುಕೊಂಡು ಹೋಗೋಕೆ ಬಾಗಿಲಿಗೇ ಬರುವ ಬಸ್ಸು. ಅದೂ ಕಾಲೋನಿ. ನಮ್ಮದೂ ಕಾಲೋನಿ. ಅಲ್ಲಿ ಗೋಡೆ ಬರೆಯೋಕೆ ಹೋದಾಗ ವಾಚ್‌ಮನ್ "ಎಲ್ಲಿಂದ ಬಂದೆ?" ಅಂದ. "ಕಾಲೋನಿಯಿಂದ" ಅಂದೆ. "ಯಾವ ಕಾಲೋನಿ?" ಅಂತ ಅವನು ಕೇಳಲಿಲ್ಲ. ಒಂದೇ ಪದ, ಎರಡು ಅರ್ಥ. ಯಾವುದು ಯಾವುದು ಅಂತ ಎಲ್ಲರಿಗೂ ಗೊತ್ತು. ಡಿಕ್ಷನರಿಯಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಮುಂದಿನದು ಭಾಗ್ಯ ಹೇಳಿದ್ದು. ನಾನು ಬಸ್ಸಲ್ಲಿರಲಿಲ್ಲ.

ಮಾರನೇ ದಿನ ಕಣ್ಣು ತೋರಿಸಬೇಕು ಅಂತ ಅಜ್ಜಿ ಅವಳ ಜೊತೆ ನರಸೀಪುರಕ್ಕೆ ಹೋಗಿದ್ದಳು. ಸಂಜೆ ವಾಪಸ್ ಅದೇ ಬಸ್ಸು, ಅದೇ ಕಂಡಕ್ಟರು.

"ಯಾವೂರಿಗಜ್ಜಿ?"

"ಆಂಗ್‌ಕಾಂಗಿಗೆ."

"ಎಲ್ಲಿಗೆ?"

"ಆಂಗ್‌ಕಾಂಗಿಗೆ ಕಣಪ್ಪ. ಈ ಮಗೀಗೂ ಸೇರ್ಸಿ ಕೊಡು."

ಕಂಡಕ್ಟರ್ ಪಂಚಿಂಗ್ ಮಿಷಿನ್ನು ಹಿಡಿದುಕೊಂಡು ನಿಂತೇಬಿಟ್ಟನಂತೆ. "ಅಜ್ಜಿ, ಈ ಬಸ್ಸು ನಂಜನಗೂಡಿಗೆ ಹೋಗೋದು. ವಿಮಾನ ಅಲ್ಲ."

"ಮೋರಿ ಪಕ್ದಲ್ಲಿ ನಮ್ ಬೀದಿ ಇಲ್ವಾ? ಅದೇ ಆಂಗ್‌ಕಾಂಗು. ನೆನ್ನೆ ಟೀವಿ ನೋಡ್ಲಿಲ್ವಾ ನೀನು? ಕಾಲೋನಿ ಅನ್ನದ್ನ ತಗ್ದಾಕುಬುಟ್ರು."

ಇಡೀ ಬಸ್ಸು ನಕ್ಕಿತು. ಮುಂದೆ ಕೂತಿದ್ದ ಮೇಷ್ಟರೊಬ್ಬರು "ಸರಿಯಾಗೇ ಹೇಳ್ತಾವ್ರೆ, ನಿಲ್ಸಪ್ಪಾ" ಅಂದರಂತೆ. ಡ್ರೈವರ್ ಕನ್ನಡಿಯಲ್ಲಿ ನೋಡಿ ನಗುತ್ತಿದ್ದ. ಮೋರಿ ಹತ್ತಿರ ಬಂದಾಗ ಕಂಡಕ್ಟರ್ ವಿಷಲ್ ಹಾಕಿದ. "ಯಾರ್ರೀ ಹಾಂಗ್‌ಕಾಂಗ್? ಇಳ್ಕೊಳ್ರೀ, ಹಾಂಗ್‌ಕಾಂಗ್!"

ಬಸ್ಸು ನಿಂತಿತು.

ಹಿಂದೆ ಕಾಲೋನಿಯವರು ಕೇಳಿಕೊಂಡಾಗ ನಿಲ್ಲಿಸಲಿಲ್ಲ. ಜಗಳ ಮಾಡಿದಾಗ ನಿಲ್ಲಿಸಲಿಲ್ಲ. ನಗಿಸಿದರೆ ನಿಲ್ಲಿಸಿದರು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ತಿಳಿಯದು.

ಮಾರನೇ ದಿನದಿಂದ ಕಂಡಕ್ಟರೇ ಕೂಗೋಕೆ ಶುರು ಮಾಡಿದ. ಬೆಳಗ್ಗೆ ಹೋಗುವಾಗಲೂ ಮೋರಿ ಹತ್ತಿರ ಬ್ರೇಕ್ ಬಿತ್ತು. ಭಾಗ್ಯ ಊರಿಗೆ ನಡೆಯುವುದು ತಪ್ಪಿತು. ಅಪ್ಪ ದಿನಾ ಸಂಜೆ ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ಮೋರಿ ಹತ್ತಿರ ಬಂದು ನಿಲ್ಲುತ್ತಿದ್ದ. ಬಸ್ಸು ನಿಲ್ಲುವುದನ್ನು ನೋಡಿಕೊಂಡು ವಾಪಸ್ ಹೋಗುತ್ತಿದ್ದ. ಕಾಲೇಜು ಬೇಡ ಅನ್ನುವ ಮಾತು ಮತ್ತೆ ಎತ್ತಲಿಲ್ಲ. ಓದಲಿ ಅಂತಲೂ ಅನ್ನಲಿಲ್ಲ.

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ನನ್ನ ಕೈ ಸುಮ್ಮನಿರಬೇಕಲ್ಲ! ಡಬ್ಬಿಯಲ್ಲಿ ಹಳದಿ ಬಣ್ಣ ಮಿಕ್ಕಿತ್ತು. ಭಾನುವಾರ ಮೋರಿ ಕಟ್ಟೆ ಮೇಲೆ ದೊಡ್ಡದಾಗಿ ಬರೆದೆ: ಆಂಗ್‌ಕಾಂಗ್. ಭಾಗ್ಯ ನೋಡಿ "ಅಣ್ಣಾ, ಹಾ ಹಾಕು" ಅಂದಳು. ಅಳಿಸಿ ಹಾ ಹಾಕಿದೆ.

ಬಣ್ಣ ಒಣಗುವುದಕ್ಕೆ ಮೊದಲೇ ಪಟೇಲರ ಮನೆ ಶಿವಣ್ಣನವರು ಮೊಪೆಡ್ಡಿನಲ್ಲಿ ಬಂದರು. ಕೆಟ್ಟವರಲ್ಲ. ಭಾಗ್ಯ ಎಸ್ಸೆಲ್ಸಿ ಪಾಸಾದಾಗ ಕರೆದು ಪೆನ್ನು ಕೊಟ್ಟವರು. (ಜಗಲಿಯಿಂದ ಕೆಳಗೆ ನಿಲ್ಲಿಸಿ ಕೊಟ್ಟರು. ಆದರೂ ಕೊಟ್ಟರು.)

"ಯಾರ್ಲಾ ಇದ್ನ ಬರ್ದೋನು?"

"ನಾನೇ ಕಣಣ್ಣಾ."

"ಅಕ್ಸರ ಚೆನ್ನಾಗವೆ. ಅಳಿಸ್ಲಾ."

"ಯಾಕಣ್ಣಾ?"

"ಯಾಕೆ ಅಂತೀಯಲ್ಲಾ! ನೆನ್ನೆ ನಮ್ ಬೀಗರು ಬಸ್ಸಲ್ಲಿ ಬಂದ್ರು. 'ಏನ್ ಶಿವಣ್ಣಾ, ನಿಮ್ಮೂರಲ್ಲಿ ಆಂಗ್‌ಕಾಂಗ್ ಅದಂತಲ್ಲಾ' ಅಂತ ಬಿದ್ ಬಿದ್ ನಕ್ಕರು. ನಮ್ಮೂರ್ಗೆ ಅಂತ ಒಂದ್ ಎಸ್ರಿಲ್ವಾ? ಊರ ಮರ್ವಾದೆ ಏನಾಗ್ಬೇಕು?"

"ಅಂಗಾರೆ ಇದೂ ನಿಮ್ಮೂರೇ ಅಂತಾಯ್ತಲ್ಲಣ್ಣಾ?" ಅಂದೆ. "ಬಣ್ಣ ಇನ್ನೂ ಅದೆ. ಊರ ಎಸ್ರೇ ಬರ್ದುಬುಡ್ತೀನಿ."

ಶಿವಣ್ಣನವರು ಮೊಪೆಡ್ಡು ಆಫ್ ಮಾಡಿದರು. ರಸ್ತೆ ನೋಡಿದರು, ಗದ್ದೆ ಆಚೆ ನೋಡಿದರು. ಕೋಪ ಇರಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು.

"ಊರು ಅಲ್ಲದೆ ಕಣ್ಲಾ. ಇದು ಕಾಲೋನಿ. ಏನದೆ ಅದ್ನ ಬರಿ."

"ಅದ್ನ ಬರ್ದ್ರೆ ಬಸ್ ನಿಲ್ಸಲ್ವಲ್ಲಣ್ಣಾ."

"ಅದು ಬಸ್ಸ್ನೋರ್ ವಿಚಾರ. ನಾನು ಓನರ್ ಕುಟ್ಟೆ ಮಾತಾಡ್ತೀನಿ. ಕಂಡ್ಕಂಡ್ ಎಸ್ರಲ್ಲೆಲ್ಲಾ ನಿಲ್ಸದು ಬ್ಯಾಡ ಅಂತ."

ಹೋದರು.

ಅವತ್ತು ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಜ್ಜಿ ಮಾತ್ರ ಮಾಡಿದಳು. "ನಿಂಗ್ಯಾಕ್ ಬೇಕಿತ್ಲಾ ಬರಿಯದು? ಬಾಯಲ್ಲಿದ್ದಿದ್ರೆ ಸಾಕಾಗಿತ್ತು" ಅಂದಳು. ಭಾಗ್ಯ ಬೆಳಗ್ಗೆಗೆ ಬೇಕಾದ ಪುಸ್ತಕ ಬ್ಯಾಗಿಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಸೋಮವಾರ ಬೆಳಗ್ಗೆ ಮೋರಿ ಹತ್ತಿರ ನಾನು, ಭಾಗ್ಯ. ಒಂದಿಷ್ಟು ಹಿಂದೆ ಅಪ್ಪ. ಇವತ್ತು ಎತ್ತೂ ಇಲ್ಲ, ನೆಪವೂ ಇಲ್ಲ. ಬಸ್ಸು ಊರು ಬಿಟ್ಟಿದ್ದು ಕಾಣಿಸಿತು. ಬಂತು. ನಿಧಾನ ಮಾಡಲಿಲ್ಲ. ನಮ್ಮನ್ನು ದಾಟಿತು. ಭಾಗ್ಯ ಬ್ಯಾಗು ಕೆಳಗಿಟ್ಟಳು.

ಮೋರಿ ದಾಟಿದ ಮೇಲೆ ಬ್ರೇಕು ಬಿತ್ತು.

"ಬಾರಮ್ಮಾ ಬೇಗ!" ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಿದ್ದ.

ನಾನೂ ಅವಳ ಹಿಂದೆ ಓಡಿದೆ. "ಓನರ್ ಏನೂ ಅನ್ನಲಿಲ್ವಾ ಸಾ?"

"ಅಂದ್ರಲ್ಲ. ಕಾಲೋನೀಲಿ ನಿಲ್ಲಿಸ್ಬೇಡ ಅಂದ್ರು." ವಿಷಲ್ ಬಾಯಿಗಿಟ್ಟುಕೊಂಡವನು ಮತ್ತೆ ತೆಗೆದ. "ಇದು ಹಾಂಗ್‌ಕಾಂಗ್ ಅಲ್ವಾ?"

ಬಸ್ಸು ಹೋಯಿತು. ಅಪ್ಪ ಹತ್ತಿರ ಬಂದ. "ಎಷ್ಟೊರ್ಸ ಅದು, ಪಿಯುಸಿ?"

"ಎಲ್ಡು."

"ಓದ್ಲಿ ಬುಡು."

ಮೋರಿ ಮೇಲಿನ ಅಕ್ಷರ ನಾನು ಅಳಿಸಿಲ್ಲ. ಬಸ್ಸು ಇನ್ನೂ ನಿಲ್ಲುತ್ತಿದೆ. ಸಂತೋಷವೇ. ಆದರೆ ನಾವು ನಮ್ಮೂರಲ್ಲಿ ಇಳಿಯೋಕೆ ಚೀನಾ ಪಕ್ಕದ ಹೆಸರು ಹೇಳಬೇಕು. ಅದೂ ತಮಾಷೆ ಹಳೆಯದಾಗುವವರೆಗೆ ಮಾತ್ರ.

ಹಾಂಗ್‌ಕಾಂಗಿನ ದೊರೆ ಹಡಗು ಹತ್ತಿ ಹೋದ. ಶಿವಣ್ಣನವರು ಎಲ್ಲಿಗೂ ಹೋಗಬೇಕಾಗಿಲ್ಲ. ಇಲ್ಲೇ ಇರಲಿ, ನಾವೂ ಇಲ್ಲೇ ಇರುತ್ತೇವೆ. ಮೋರಿ ಮೇಲೆ ಊರಿನ ಹೆಸರು ಬರೆಯೋಕೆ ನನ್ನ ಡಬ್ಬಿಯಲ್ಲಿ ಬಣ್ಣ ಇದೆ. ಅದಕ್ಕೂ ಒಬ್ಬರು ಹೂಂ ಅನ್ನಬೇಕಾ?

ಇಷ್ಟೇ. ನನಗೆ ಹೇಳೋಕೆ ಇನ್ನೇನೂ ಇಲ್ಲ.